ವಾರ್ಡಿನ ಆಹಾರ ಯೋಜನೆ: ನಿವಾಸಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ನಗರಗಳಲ್ಲಿ ತಮ್ಮ ಬಡಾವಣೆಯ ಮಾರುಕಟ್ಟೆ, ತಳ್ಳುಗಾಡಿ, ಪಡಿತರ, ಕ್ಯಾಂಟೀನ್ ಇವುಗಳ ಬಗ್ಗೆ ಮಾತಾಡಲು ಹೊರಟ ನಿವಾಸಿಗಳಿಗೂ ವಾರ್ಡ್ ಸಮಿತಿಯವರಿಗೂ ಈ ಪುಟ. ಬೆಂಗಳೂರಿನವರು ಒಂದನ್ನು ಗಮನಿಸಿ: 2025ರಲ್ಲಿ ಒಂದು ಪಾಲಿಕೆಯ ಜಾಗದಲ್ಲಿ ಐದು ಬಂದಿವೆ. ಅರ್ಜಿ ಬರೆಯುವ ಮೊದಲು ನಿಮ್ಮ ವಾರ್ಡ್ ಈಗ ಯಾವುದಕ್ಕೆ ಸೇರಿದೆ, ಗಡಿ ಎಲ್ಲಿದೆ ಎಂದು ನೋಡಿಕೊಳ್ಳಿ.

ವಾರ್ಡಿಗೆ ಆಹಾರ ಯೋಜನೆ ಯಾಕೆ? ಅಂಗಡಿಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವಲ್ಲ?

ಹುಟ್ಟಿಕೊಳ್ಳುತ್ತವೆ, ಆದರೆ ಅವು ಉಳಿಯುವುದು ಬಿಡುವುದು ಯಾವುದೋ ಕಚೇರಿಯ ತೀರ್ಮಾನದಿಂದ. ಫುಟ್‌ಪಾತ್ ಅಗಲ ಮಾಡಿದಾಗ ಸೊಪ್ಪು ಮಾರುವವರು ಎಲ್ಲಿ ಕೂರಬೇಕು? ಹಳೆ ಮಾರುಕಟ್ಟೆ ಕೆಡವಿದರೆ ಎರಡು ವರ್ಷ ವ್ಯಾಪಾರ ಎಲ್ಲಿ? ಇಂದಿರಾ ಕ್ಯಾಂಟೀನ್ ಆಸ್ಪತ್ರೆಯ ಹತ್ತಿರ ಬರಬೇಕೋ, ಕೂಲಿಯವರು ಬೆಳಿಗ್ಗೆ ನಿಲ್ಲುವ ವೃತ್ತದಲ್ಲೋ? ಇವೆಲ್ಲ ಊಟದ ಪ್ರಶ್ನೆಗಳೇ. ಕಡತದಲ್ಲಿ ಮಾತ್ರ ರಸ್ತೆ ಕಾಮಗಾರಿ, ಕಟ್ಟಡ, ಟೆಂಡರ್ ಎಂಬ ಹೆಸರಿನಲ್ಲಿ ಇರುತ್ತವೆ. ಆ ಕಡತ ಮುಂದೆ ಹೋಗುವ ಮೊದಲು, ಅಲ್ಲಿ ಕೊಳ್ಳುವವರ ಮತ್ತು ಮಾರುವವರ ಮಾತು ಅದರೊಳಗೆ ಸೇರಬೇಕು. ಯೋಜನೆ ಅಂದರೆ ಇಷ್ಟೇ.

ಇದು ಯಾರ ಜವಾಬ್ದಾರಿ?

ಮೊದಲ ಸಭೆಯಲ್ಲೇ ಎಲ್ಲರೂ ದಾರಿ ತಪ್ಪುವುದು ಇಲ್ಲಿ. ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳನ್ನು ಸಂವಿಧಾನದ 12ನೇ ಅನುಸೂಚಿ ಪಟ್ಟಿ ಮಾಡುತ್ತದೆ. ಕಸಾಯಿಖಾನೆ, ದೊಡ್ಡಿ, ಸ್ಮಶಾನದವರೆಗೆ ಎಲ್ಲ ಇದೆ, ಆಹಾರ ಎಂಬ ಬಾಬತ್ತು ಇಲ್ಲ. ಹಾಗಾಗಿ ಕೆಲಸ ಹಂಚಿಹೋಗಿದೆ. ಮಾರುಕಟ್ಟೆ ಕಟ್ಟಡ, ಬೀದಿ ವ್ಯಾಪಾರ, ಕಸ, ಇಂದಿರಾ ಕ್ಯಾಂಟೀನ್ ನಗರ ಸ್ಥಳೀಯ ಸಂಸ್ಥೆಯ ಕೈಯಲ್ಲಿ. ಪಡಿತರ ಆಹಾರ ಇಲಾಖೆಯದ್ದು. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದ್ದು, ಶಾಲೆಯ ಬಿಸಿಯೂಟ ಶಿಕ್ಷಣ ಇಲಾಖೆಯದ್ದು, ಎಪಿಎಂಸಿ ಕೃಷಿ ಮಾರಾಟ ಇಲಾಖೆಯದ್ದು. ಹಾಪ್‌ಕಾಮ್ಸ್ ಸಹಕಾರ ಸಂಘ. ಮಳಿಗೆ ಬೇಕೆಂದರೆ ಕೇಳಬೇಕಾದ್ದು ಅವರನ್ನು, ಜಾಗ ಕೊಡಬೇಕಾದ್ದು ಮಾತ್ರ ಬಹುತೇಕ ಪಾಲಿಕೆ.

ಸಭೆ ಕರೆಯುವ ಮುಂಚೆ ಒಂದು ಹಾಳೆಯಲ್ಲಿ ಮೂರು ಕಲಂ ಎಳೆಯಿರಿ: ವಿಷಯ, ತೀರ್ಮಾನ ಮಾಡುವ ಅಧಿಕಾರಿಯ ಹುದ್ದೆ, ಆ ತೀರ್ಮಾನ ಆಗುವ ತಿಂಗಳು. ಮೂರನೆಯ ಕಲಂ ಖಾಲಿ ಉಳಿದ ವಿಷಯವನ್ನು ಈ ಸಲ ಕೈಬಿಡಿ.

ಎಲ್ಲಿಂದ ಶುರು ಮಾಡಬೇಕು?

ಒಂದು ಬಾಕಿ ಇರುವ ತೀರ್ಮಾನದಿಂದ. "ನಮ್ಮ ವಾರ್ಡಿನ ಆಹಾರ ಹೇಗಿರಬೇಕು" ಎಂದು ಕೇಳಿದರೆ ಸಾವಯವ, ಪ್ಲಾಸ್ಟಿಕ್, ಮಕ್ಕಳ ಚಿಪ್ಸ್ ಚಟ, ಎಲ್ಲ ಬಂದು ಎರಡು ಗಂಟೆ ಕಳೆಯುತ್ತದೆ. ಹಾಗೆ ಬಂದ ಮಾತನ್ನು ಒಯ್ದು ಕೊಡಲು ಒಂದು ಕಚೇರಿಯೂ ಇರುವುದಿಲ್ಲ. ಅದರ ಬದಲು ಹೀಗೆ ಕೇಳಿ: "ಮುಖ್ಯರಸ್ತೆಯ ಚರಂಡಿ ಕೆಲಸ ನಡೆಯುವ ಆರು ತಿಂಗಳು ಈ 40 ಗಾಡಿಗಳು ಎಲ್ಲಿ ನಿಲ್ಲಬೇಕು?" ಇದಕ್ಕೆ ಉತ್ತರ ಕೊಡಬಹುದು, ಕೊಟ್ಟ ಉತ್ತರವನ್ನು ಜಾರಿ ಮಾಡಬಲ್ಲ ಎಂಜಿನಿಯರ್ ಒಬ್ಬರು ಇದ್ದಾರೆ. ಅವರನ್ನು ಕರೆಯಿರಿ. ಬರುವುದಾಗಿ ಲಿಖಿತವಾಗಿ ಒಪ್ಪಿದ ಮೇಲೆಯೇ ಜನರಿಗೆ ದಿನಾಂಕ ಹೇಳಿ.

ವಾರ್ಡ್ ಸಮಿತಿ ಇದೆಯಲ್ಲ, ಅದೇ ಸಾಲದೇ?

ಮೂರು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು ಎಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. ಕರ್ನಾಟಕದ ಪಾಲಿಕೆ ಕಾಯ್ದೆಯ ಪ್ರಕಾರ ನಾಮನಿರ್ದೇಶಿತ 10 ಸದಸ್ಯರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿ ಸಂಘಗಳ ಪ್ರತಿನಿಧಿಗಳು. ಮಾರುವವರಿಗೆ ಅಂತ ಒಂದು ಕುರ್ಚಿಯೂ ಇಲ್ಲ. ಆಹಾರದ ವಿಷಯಕ್ಕೆ ಇದು ದೊಡ್ಡ ಕೊರತೆ. ಸಮಿತಿಯನ್ನು ಬಿಟ್ಟು ಮುಂದೆ ಹೋಗಬೇಡಿ, ಏಕೆಂದರೆ ನಡಾವಳಿಯಲ್ಲಿ ಬರೆದ ಮಾತಿಗೆ ಪಾಲಿಕೆಯಲ್ಲಿ ತೂಕವಿದೆ. ಹೊರಗೆ ದೊಡ್ಡ ಗುಂಪು ಕೂಡಿಸಿ ಚರ್ಚಿಸಿ, ಬಂದ ಶಿಫಾರಸನ್ನು ಸಮಿತಿಯ ಮುಂದಿಟ್ಟು ನಿರ್ಣಯ ಮಾಡಿಸಿ, ಪ್ರತಿ ಇಸಿದುಕೊಳ್ಳಿ.

ಯಾರನ್ನೆಲ್ಲ ಕರೆಯಬೇಕು?

30 ಜನ ಸಾಕು. ಆದರೆ ಯಾರೆಂದು ಮೊದಲೇ ನಿಶ್ಚಯವಾಗಿರಬೇಕು. ಎಲ್ಲರಿಗೂ ಸ್ವಾಗತ ಎಂದು ವಾಟ್ಸ್‌ಆಪ್ ಗುಂಪಿನಲ್ಲಿ ಹಾಕಿದರೆ ಬರುವವರು ಸ್ವಂತ ಮನೆಯ, ನಿವೃತ್ತ, ಕಾರು ನಿಲ್ಲಿಸಲು ಜಾಗ ಸಿಗದೆ ಸಿಟ್ಟಾದ ಹತ್ತು ಜನ. ಒಂದು ಹಂಚಿಕೆ ಹೀಗಿರಬಹುದು: ಮಾರುವವರು 6 (ಗಾಡಿ, ಸೊಪ್ಪು, ಮೀನು ಅಥವಾ ಮಾಂಸ, ಚಿಲ್ಲರೆ ಅಂಗಡಿ ಎಲ್ಲ ಸೇರಿ), ಮನೆಗೆಲಸದವರು 4, ಪೌರಕಾರ್ಮಿಕರು ಮತ್ತು ದಿನಗೂಲಿಯವರು 4, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು 3, ಪಿಜಿಗಳಲ್ಲಿರುವ ವಿದ್ಯಾರ್ಥಿಗಳು 3, ಮೆಸ್ ಅಥವಾ ಹೋಟೆಲ್ ನಡೆಸುವವರು 2, ಒಂಟಿಯಾಗಿರುವ ಹಿರಿಯರು ಅಥವಾ ಅಂಗವಿಕಲರು 2, ನ್ಯಾಯಬೆಲೆ ಅಂಗಡಿಯವರು 1, ಬೇರೆ ಬೇರೆ ಬೀದಿಗಳ ಮನೆಯವರು 5. ಕೊನೆಯ ಐದನ್ನು ಚೀಟಿ ಎತ್ತಿ ಆರಿಸಿ. ಇಲ್ಲದಿದ್ದರೆ ಸಂಘದ ಅಧ್ಯಕ್ಷರ ಪಟ್ಟಿಯೇ ನಿಮ್ಮ ಪಟ್ಟಿಯಾಗುತ್ತದೆ.

ಹೊತ್ತಿನ ಬಗ್ಗೆ ಹಟ ಹಿಡಿಯಲೇಬೇಕು. ಭಾನುವಾರ ಬೆಳಿಗ್ಗೆ 11 ಎಂಬುದು ತರಕಾರಿ ಮಾರುವವರಿಗೆ ವಾರದ ಅತಿ ದುಬಾರಿ ಗಂಟೆ. ವಾರದ ದಿನ ಮಧ್ಯಾಹ್ನ 2.30ರಿಂದ 4 ಅವರಿಗೂ ಮನೆಗೆಲಸದವರಿಗೂ ಆಗುತ್ತದೆ, ಕಚೇರಿಗೆ ಹೋಗುವವರಿಗೆ ಆಗುವುದಿಲ್ಲ. ಹಾಗಾದರೆ ಅದೇ ನಕ್ಷೆ, ಅದೇ ಪ್ರಶ್ನೆ ಇಟ್ಟುಕೊಂಡು ರಾತ್ರಿ 7.30ಕ್ಕೆ ಇನ್ನೊಂದು ಸಭೆ ಮಾಡಿ. ಜಾಗ ಸರ್ಕಾರಿ ಶಾಲೆ ಅಥವಾ ಸಮುದಾಯ ಭವನವಾಗಿರಲಿ. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್ ಎಂದರೆ ಗೇಟಿನಲ್ಲಿ ಹೆಸರು ಬರೆಸಬೇಕು. ಅಲ್ಲಿಗೇ ಅರ್ಧ ಜನ ವಾಪಸ್ಸು. ವ್ಯಾಪಾರ ಅಥವಾ ಕೂಲಿ ಬಿಟ್ಟು ಬಂದವರ ನಷ್ಟ ಕಟ್ಟಿಕೊಡಿ. ಚಹಾ, ಬ್ಯಾನರ್‌ಗೆ ಖರ್ಚು ಮಾಡುವ ದುಡ್ಡು ಇದಕ್ಕೆ ಸಾಕಾಗುತ್ತದೆ, ಬ್ಯಾನರ್ ಬೇಡವೇ ಬೇಡ.

ನಕ್ಷೆ ಮಾಡುವುದು ಹೇಗೆ?

ಗೂಗಲ್ ನಕ್ಷೆಯಲ್ಲಿ ಕಾಣುವ ಅಂಗಡಿಗಳಿಂದ ಶುರು ಮಾಡಬೇಡಿ. ಬುಟ್ಟಿಯಲ್ಲಿ ಸೊಪ್ಪು ತರುವವರು, ಸಂಜೆ ಮಾತ್ರ ಬರುವ ಗಾಡಿ, ಮೊಟ್ಟೆಯವರು ಅದರಲ್ಲಿ ಇರುವುದಿಲ್ಲ. ವಾರ್ಡನ್ನು ನಾಲ್ಕು ಪಾಲು ಮಾಡಿ, ಒಂದೊಂದಕ್ಕೆ ಇಬ್ಬರು; ಅವರಲ್ಲಿ ಒಬ್ಬರು ಅಲ್ಲೇ ಮಾರುವವರಾದರೆ ಉತ್ತಮ. ಮೂರು ಹೊತ್ತು ಸುತ್ತಬೇಕು: ಬೆಳಿಗ್ಗೆ 6ರಿಂದ 8, ಮಧ್ಯಾಹ್ನ 12ರಿಂದ 1, ಸಂಜೆ 6ರಿಂದ 8. ಒಂದು ವಾರದ ದಿನ, ಒಂದು ಭಾನುವಾರ. ಬೆಳಿಗ್ಗೆ 11ಕ್ಕೆ ಒಂದೇ ಸಲ ಸುತ್ತಿದ ಸಮೀಕ್ಷೆಗಳಲ್ಲಿ ಬೀದಿ ವ್ಯಾಪಾರ ಮಾಯವಾಗಿರುತ್ತದೆ. ಮುಂದೆ ಅದೇ ಕಾಗದ ತೋರಿಸಿ "ಇಲ್ಲಿ ಯಾರೂ ಇರಲೇ ಇಲ್ಲ" ಅನ್ನುತ್ತಾರೆ.

ಜೊತೆಗೆ ಬೆಲೆ ಬರೆದುಕೊಳ್ಳಿ. ಹತ್ತು ಪದಾರ್ಥ ಸಾಕು: ಟೊಮೆಟೊ, ಈರುಳ್ಳಿ, ಆಲೂಗಡ್ಡೆ, ಹುರುಳಿಕಾಯಿ, ಒಂದು ಸೊಪ್ಪು, ಬಾಳೆಹಣ್ಣು, ತೊಗರಿಬೇಳೆ, ರಾಗಿ, ಮೊಟ್ಟೆ, ಹಾಲು. ಗಾಡಿ, ಅಂಗಡಿ, ಸೂಪರ್‌ಮಾರ್ಕೆಟ್, ಆ ದಿನದ ಹಾಪ್‌ಕಾಮ್ಸ್ ದರ, ಹೀಗೆ ನಾಲ್ಕು ಕಲಂ. ಒಂದೇ ದಿನ, ಒಂದೇ ಗಂಟೆಯೊಳಗೆ, ನಾಲ್ಕು ವಾರ. ಇಲ್ಲಿ ಎರಡು ತಪ್ಪುಗಳು ಯಾವಾಗಲೂ ಆಗುತ್ತವೆ. ಸೊಪ್ಪು ಕಟ್ಟಿನ ಲೆಕ್ಕದಲ್ಲಿ, ಸಂಜೆಯ ತರಕಾರಿ ಗುಡ್ಡೆಯ ಲೆಕ್ಕದಲ್ಲಿ ಮಾರಾಟವಾಗುತ್ತದೆ. ತೂಗದೆ ಬರೆದ ಬೆಲೆಗೆ ಅರ್ಥವಿಲ್ಲ, ಕೈತಕ್ಕಡಿ ಒಯ್ಯಿರಿ. ಎರಡನೆಯದು, ಬೆಳಿಗ್ಗೆಯ ಗಾಡಿಯ ಬೆಲೆಗೆ ಸಂಜೆಯ ಅಂಗಡಿಯ ಬೆಲೆ ಹೋಲಿಸುವುದು.

ಸಭೆ ಎಷ್ಟು ಹೊತ್ತು? ಗಲಾಟೆ ಆಗದಂತೆ ಹೇಗೆ?

90 ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ವೇದಿಕೆ, ಮೈಕು ಇಡಬೇಡಿ. ಮೈಕು ಇದ್ದಲ್ಲಿ ಭಾಷಣ ತಾನಾಗಿ ಬರುತ್ತದೆ. ಏಳೆಂಟು ಜನರ ನಾಲ್ಕು ಗುಂಪು, ಪ್ರತಿ ಗುಂಪಿನ ನಡುವೆ ದೊಡ್ಡದಾಗಿ ಮುದ್ರಿಸಿದ ವಾರ್ಡ್ ನಕ್ಷೆ, ಒಬ್ಬರು ಮಾತು ನಡೆಸುವವರು, ಒಬ್ಬರು ಬರೆಯುವವರು. ಮೊದಲ 20 ನಿಮಿಷ ನಕ್ಷೆ ತಿದ್ದುವುದು: ಎಲ್ಲಿ ಕೊಳ್ಳುತ್ತೇವೆ, ಯಾವ ಗಾಡಿ ಬಿಟ್ಟುಹೋಗಿದೆ. ಮುಂದಿನ 40 ನಿಮಿಷ ಇರುವ ಒಂದೇ ಪ್ರಶ್ನೆಗೆ ಆಯ್ಕೆಗಳನ್ನು ಕಟ್ಟುವುದು. ಎಂಜಿನಿಯರ್ ಈ ಹೊತ್ತಿನಲ್ಲಿ ಗುಂಪಿನಿಂದ ಗುಂಪಿಗೆ ಹೋಗಿ, ಆಗದ್ದು ಯಾಕಾಗದು ಎಂದು ಹೇಳಲಿ. ಕೊನೆಯಲ್ಲಿ ಮತ.

ಮತಕ್ಕೆ ಕೈ ಎತ್ತಿಸಬೇಡಿ. ಮನೆ ಮಾಲೀಕರ ಎದುರಿಗೆ ಬಾಡಿಗೆಯವರು, ಅಧಿಕಾರಿಯ ಎದುರಿಗೆ ಗಾಡಿಯವರು ಕೈ ಎತ್ತುವುದಿಲ್ಲ. ಪ್ರತಿಯೊಬ್ಬರಿಗೂ ಹತ್ತು ಹುಣಸೆ ಬೀಜ ಕೊಡಿ. ಆಯ್ಕೆಗೊಂದರಂತೆ ಬಾಯಿ ಮುಚ್ಚಿದ ಡಬ್ಬಿ ಮರೆಯಲ್ಲಿಡಿ, ಮೇಲೆ ಅಕ್ಷರದ ಜೊತೆ ಚಿತ್ರವೂ ಇರಲಿ. ಒಂದು ಡಬ್ಬಿಗೆ ನಾಲ್ಕಕ್ಕಿಂತ ಹೆಚ್ಚು ಹಾಕುವಂತಿಲ್ಲ. ಹೀಗೆ ಮಾಡಿದರೆ ಎರಡನೆಯ, ಮೂರನೆಯ ಇಷ್ಟವೂ ಲೆಕ್ಕಕ್ಕೆ ಸಿಗುತ್ತದೆ. ಎಲ್ಲರೆದುರೇ ಎಣಿಸಿ, ಸಂಖ್ಯೆಯನ್ನು ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬರೆಯಿರಿ. ತಮಿಳು, ತೆಲುಗು, ಉರ್ದು ಮಾತಾಡುವ ವ್ಯಾಪಾರಿಗಳಿರುವ ಕಡೆ ಭಾಷೆ ಬಲ್ಲ ಒಬ್ಬರು ಆ ಗುಂಪಿನಲ್ಲಿರಲಿ.

ಗಾಡಿಯವರಿಂದ ಫುಟ್‌ಪಾತಿನಲ್ಲಿ ನಡೆಯಲಾಗುತ್ತಿಲ್ಲ. ಅವರನ್ನು ತೆಗೆಸುವುದೂ ಯೋಜನೆಯೇ ಅಲ್ಲವೇ?

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಓದಿ ಆಮೇಲೆ ಮಾತಾಡುವುದು ಎಲ್ಲರಿಗೂ ಒಳ್ಳೆಯದು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಇರುವ ವ್ಯಾಪಾರಿಯನ್ನು ಎಬ್ಬಿಸುವಂತಿಲ್ಲ. ಸ್ಥಳಾಂತರಕ್ಕೆ 30 ದಿನದ ನೋಟಿಸ್ ಬೇಕು. ವಾರ್ಡ್ ಅಥವಾ ನಗರದ ಜನಸಂಖ್ಯೆಯ ಶೇ 2.5ರಷ್ಟು ವ್ಯಾಪಾರಿಗಳಿಗೆ ಜಾಗ ಎಂಬುದು ಕಾಯ್ದೆಯ ಅಳತೆ. 40,000 ಜನರ ವಾರ್ಡಿಗೆ ಅದು 1,000. ಜನದಟ್ಟಣೆ ಇದೆ ಎಂಬ ಒಂದೇ ಕಾರಣಕ್ಕೆ ಒಂದು ಪ್ರದೇಶವನ್ನು ವ್ಯಾಪಾರ ನಿಷಿದ್ಧ ಎಂದು ಸಾರುವಂತಿಲ್ಲ. ಬಹುಕಾಲದಿಂದ ಕೊಳ್ಳುವವರೂ ಮಾರುವವರೂ ಸೇರುತ್ತ ಬಂದ ಸಹಜ ಮಾರುಕಟ್ಟೆಯನ್ನಂತೂ ಆಗದು.

ಕೇಳಬೇಕಾದ ವೇದಿಕೆ ಪಟ್ಟಣ ವ್ಯಾಪಾರ ಸಮಿತಿ. ಅದರ ಸದಸ್ಯರಲ್ಲಿ ಕನಿಷ್ಠ ಶೇ 40 ವ್ಯಾಪಾರಿಗಳೇ ಆಯ್ಕೆ ಮಾಡಿದ ವ್ಯಾಪಾರಿಗಳು, ಅವರಲ್ಲಿ ಮೂರನೆಯ ಒಂದು ಪಾಲು ಮಹಿಳೆಯರು. ನಿವಾಸಿ ಸಂಘಗಳಿಗೂ ಅಲ್ಲಿ ಪ್ರಾತಿನಿಧ್ಯವಿದೆ. ನಡೆಯುವ ಜಾಗಕ್ಕೆ ಬಣ್ಣದ ಗೆರೆ, ಗಾಡಿಯ ಉದ್ದಕ್ಕೆ ಮಿತಿ, ಬೆಳಿಗ್ಗೆ ಒಬ್ಬರು ಸಂಜೆ ಇನ್ನೊಬ್ಬರು ಎಂಬ ಪಾಳಿ, ಇವು ಅಲ್ಲಿ ಬಗೆಹರಿಯುವ ಮಾತುಗಳು. ಇನ್ನು, ದೂರು ಕೊಟ್ಟು ಗಾಡಿ ತೆಗೆಸಿದ ಬೀದಿಯಲ್ಲಿ ತಿಂಗಳೊಳಗೆ ಆ ಜಾಗವನ್ನು ಸ್ಕೂಟರುಗಳು ತುಂಬಿಕೊಳ್ಳುವುದನ್ನು ಯಾವ ಊರಿನಲ್ಲಾದರೂ ನೋಡಬಹುದು.

ಹಳೆ ಮಾರುಕಟ್ಟೆ ಹೊಸದಾಗಿ ಕಟ್ಟುತ್ತಾರಂತೆ. ನಾವು ಏನು ಕೇಳಬೇಕು?

2016ರಲ್ಲಿ ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದ ಮೇಲೆ ಉಳಿಸಬೇಕೋ ಕೆಡವಬೇಕೋ ಎಂಬ ವಾದ ಹೈಕೋರ್ಟಿನವರೆಗೂ ಹೋಯಿತು. ಪಾರಂಪರಿಕ ಕಟ್ಟಡದ ಪ್ರಶ್ನೆ ದೊಡ್ಡದೇ. ಆದರೆ ಯಾವ ಊರಿನ ಮಾರುಕಟ್ಟೆಯಾದರೂ ಸಾಯುವುದು ಅಥವಾ ಬದುಕುವುದು ಕಟ್ಟಡದ ಅಂದದಿಂದಲ್ಲ, ಕೆಲವು ಸಣ್ಣ ವಿವರಗಳಿಂದ. ನೀಲನಕ್ಷೆ ಕೈಗೆ ಬಂದಾಗ ಇವುಗಳನ್ನು ಹುಡುಕಿ.

ತರಕಾರಿ, ಸೊಪ್ಪು, ಹೂವು ನೆಲಮಹಡಿಯಲ್ಲಿವೆಯೇ? ಮೊದಲ ಮಹಡಿಗೆ ಹಾಕಿದ ತರಕಾರಿ ಕಟ್ಟೆಗಳು ಖಾಲಿ ಬೀಳುತ್ತವೆ: ಕೈಚೀಲ ಹಿಡಿದ ಗಿರಾಕಿ ಮೆಟ್ಟಿಲು ಹತ್ತುವುದಿಲ್ಲ, ಮೂಟೆ ಹತ್ತಿಸಲು ಹಮಾಲಿ ಬೇರೆ, ಆ ಖರ್ಚು ಬೆಲೆಗೆ ಸೇರುತ್ತದೆ. ಕೊನೆಗೆ ವ್ಯಾಪಾರಿ ಕಟ್ಟಡದ ಹೊರಗಿನ ರಸ್ತೆಗೇ ಇಳಿಯುತ್ತಾನೆ, ಪಾಲಿಕೆ ಅವನನ್ನು ಒತ್ತುವರಿ ಅನ್ನುತ್ತದೆ. ಬೆಳಗಿನ ಜಾವ 3ರಿಂದ 6ರವರೆಗೆ ಲಾರಿ, ಟೆಂಪೊ ನಿಂತು ಇಳಿಸಲು ಜಾಗ ಎಲ್ಲಿದೆ? ನೆಲಮಾಳಿಗೆಯಲ್ಲಿ ತೋರಿಸಿದ್ದರೆ ಇಳಿಜಾರಿನ ಎತ್ತರ ಅಳೆಯಿರಿ. ಕಾರಿಗೆಂದು ಮಾಡಿದ ದಾರಿಯಲ್ಲಿ ತುಂಬಿದ ಟೆಂಪೊ ಹೋಗುವುದಿಲ್ಲ. ಕಟ್ಟೆಯ ಬಳಿ ನೀರು, ತೊಳೆದ ನೀರು ಹೋಗಲು ಇಳಿಜಾರು, ಬೆಳಿಗ್ಗೆ 4ಕ್ಕೂ ತೆರೆದಿರುವ ಮಹಿಳೆಯರ ಶೌಚಾಲಯ ಇವೆಯೇ? ಕಟ್ಟೆಯಿಲ್ಲದೆ ನೆಲದ ಮೇಲೆ ಕೂತು ಮಾರುವವರನ್ನು ಎಣಿಸಿದ್ದಾರೆಯೇ, ಮಳಿಗೆಯ ಬಾಡಿಗೆದಾರರನ್ನು ಮಾತ್ರವೇ?

ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಕಾಮಗಾರಿ ನಡೆಯುವ ಕಾಲದ ತಾತ್ಕಾಲಿಕ ಜಾಗ. ಅದು ಬಸ್ಸಿನ ದಾರಿಯಲ್ಲಿರಬೇಕು, ಹಳೆ ಜಾಗದಿಂದ ನಡೆದು ಹೋಗುವಷ್ಟು ಹತ್ತಿರವಿರಬೇಕು, ವಾಪಸ್ಸು ಬರುವ ಹಕ್ಕು ಹೆಸರು ಸಮೇತ ಲಿಖಿತವಾಗಿರಬೇಕು. ದೂರದ ಮೈದಾನಕ್ಕೆ ಕಳಿಸಿದರೆ ಗಿರಾಕಿ ಚದುರುತ್ತಾನೆ. ಹೊಸ ಕಟ್ಟಡ ಬಂದರೂ ಮರಳುವುದಿಲ್ಲ.

ತಾರಸಿ ತೋಟದಿಂದ ವಾರ್ಡಿಗೆ ತರಕಾರಿ ಸಿಗುವುದೇ?

ಲೆಕ್ಕ ಹಾಕೋಣ. ದಿನಕ್ಕೆ ಒಬ್ಬರಿಗೆ ಹಣ್ಣು, ತರಕಾರಿ ಸೇರಿ ಕನಿಷ್ಠ 400 ಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 40,000 ಜನಕ್ಕೆ ದಿನಕ್ಕೆ 16 ಟನ್, ವರ್ಷಕ್ಕೆ 5,840 ಟನ್. ಚದರ ಮೀಟರಿಗೆ ವರ್ಷಕ್ಕೆ 10 ಕೆ.ಜಿ. ಎಂದು ಧಾರಾಳವಾಗಿ ಹಿಡಿದರೂ 58 ಹೆಕ್ಟೇರ್, ಅಂದರೆ ಸುಮಾರು 144 ಎಕರೆ ಬರೀ ಪಾತಿ ಬೇಕು. ಆಗದ ಮಾತು. ಸೊಪ್ಪು, ಕರಿಬೇವು, ಮೆಣಸಿನಕಾಯಿಗೆ ತಾರಸಿ ಚೆನ್ನ. ವಾರ್ಡಿನ ಹೊಟ್ಟೆ ತುಂಬಿಸುವುದು ಮಂಡಿಯಿಂದ ಬರುವ ಟೆಂಪೊವೇ, ಹಾಗಾಗಿ ನಿಮ್ಮ ಸಭೆಯ ಹೆಚ್ಚಿನ ಹೊತ್ತು ಅದಕ್ಕೇ ಹೋಗಲಿ.

ತಾರಸಿಯಲ್ಲಿ ಮಾಡುವವರು ಭಾರ ನೋಡಿಕೊಳ್ಳಬೇಕು. ಜನ ಓಡಾಡುವ ಸಮತಟ್ಟು ತಾರಸಿಗೆ ಭಾರತೀಯ ಮಾನಕ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕೆ.ಜಿ. ನೀರು ಕುಡಿದ ಕೆಂಪು ಮಣ್ಣು ಘನ ಮೀಟರಿಗೆ 1,700 ಕೆ.ಜಿ. ಆಸುಪಾಸು ತೂಗುತ್ತದೆ, 15 ಸೆಂ.ಮೀ. ದಪ್ಪ ಹರಡಿದರೇ 255 ಕೆ.ಜಿ. ಹಾಗಾಗಿ ಇಡೀ ತಾರಸಿಗೆ ಮಣ್ಣು ಹರಡುವುದು ಬೇಡ. ತೆಂಗಿನ ನಾರಿನ ಪುಡಿ ಮತ್ತು ಗೊಬ್ಬರ ಹೆಚ್ಚಿರುವ ಹಗುರ ಮಿಶ್ರಣವನ್ನು ಚೀಲಗಳಲ್ಲಿ ತುಂಬಿ, ಗೋಡೆ ಮತ್ತು ತೊಲೆಗಳ ಮೇಲೆ ಸಾಲಾಗಿ ಇಡಿ.

ರೈತರೇ ನೇರವಾಗಿ ಬಂದು ಮಾರುವ ಸಂತೆ ಮಾಡಿದೆವು, ನಾಲ್ಕೇ ವಾರಕ್ಕೆ ನಿಂತಿತು. ಯಾಕೆ?

ಬಹುಪಾಲು ಸಂದರ್ಭದಲ್ಲಿ ಸಾಗಣೆಯ ಲೆಕ್ಕದಿಂದ. ಗಾಡಿ ಬಾಡಿಗೆ ಹೋಗಿಬರಲು 3,000 ರೂಪಾಯಿ ಎಂದುಕೊಳ್ಳಿ. 500 ಕೆ.ಜಿ. ಮಾರಾಟವಾದರೆ ಕೆ.ಜಿ.ಗೆ 6 ರೂಪಾಯಿ ಬಿತ್ತು, 200 ಕೆ.ಜಿ. ಮಾತ್ರ ಹೋದರೆ 15 ರೂಪಾಯಿ, ಉಳಿದದ್ದು ಬಾಡಿದ ಸರಕು. ಮೊದಲ ವಾರದ ಉತ್ಸಾಹ ಮೂರನೆಯ ವಾರಕ್ಕೆ ಇಳಿಯುತ್ತದೆ, ರೈತ ಬರುವುದಿಲ್ಲ. ಮೂರು ಕೆಲಸ ಮಾಡಿದರೆ ಉಳಿಯುತ್ತದೆ: ಮೂರು ನಾಲ್ಕು ರೈತರು ಒಂದೇ ಗಾಡಿಯಲ್ಲಿ ಬೇರೆ ಬೇರೆ ತರಕಾರಿ ತರುವುದು, 60–70 ಮನೆಗಳಿಂದ ಹಿಂದಿನ ದಿನವೇ ಬುಟ್ಟಿಗೆ ಮುಂಗಡ ಪಡೆಯುವುದು, ಉಳಿದದ್ದನ್ನು 11 ಗಂಟೆಗೆ ಗೊತ್ತಾದ ದರಕ್ಕೆ ಕೊಳ್ಳಲು ಒಂದು ಮೆಸ್ ಅಥವಾ ಸ್ಥಳೀಯ ಗಾಡಿಯವರನ್ನು ಮೊದಲೇ ಒಪ್ಪಿಸುವುದು. ಕೊನೆಯದರಿಂದ ಗಾಡಿಯವರ ಜೊತೆಗಿನ ಜಗಳವೂ ತಪ್ಪುತ್ತದೆ.

ಪಡಿತರ, ಅಂಗನವಾಡಿ ನಮ್ಮ ವ್ಯಾಪ್ತಿಗೆ ಬರುತ್ತವೆಯೇ?

ಬರುತ್ತವೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 28ನೇ ಸೆಕ್ಷನ್ ನ್ಯಾಯಬೆಲೆ ಅಂಗಡಿಗಳ ಸಾಮಾಜಿಕ ಲೆಕ್ಕಪರಿಶೋಧನೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗೆ ಕೊಡುತ್ತದೆ; 29ನೇ ಸೆಕ್ಷನ್ ಪ್ರಕಾರ ಅಂಗಡಿ ಮಟ್ಟದಲ್ಲೂ ಜಾಗೃತ ಸಮಿತಿ ಇರಬೇಕು. ಅಂಗಡಿ ತೆರೆಯುವ ದಿನ, ಬೆರಳಚ್ಚು ಹೊಂದದೆ ವಾಪಸ್ಸಾದವರ ಸಂಖ್ಯೆ, ತೂಕ, ಈ ಮೂರನ್ನು ಒಂದು ತಿಂಗಳು ಬರೆದಿಟ್ಟರೆ ಮಾತಾಡಲು ಸಾಕಷ್ಟು ಸಿಗುತ್ತದೆ.

ಬೇರೆ ನಗರಗಳಲ್ಲಿ ಇದು ನಡೆದಿದೆಯೇ?

ಬ್ರೆಜಿಲ್‌ನ ಬೆಲೊ ಹೊರಿಜಾಂಟೆ ನಗರ 1993ರಲ್ಲಿ ಆಹಾರ ಪೂರೈಕೆಗೇ ಒಂದು ಇಲಾಖೆ ಮಾಡಿತು. ಅಲ್ಲಿನ ಒಂದು ಉಪಾಯ ನಮ್ಮ ಪಾಲಿಕೆಗಳಿಗೂ ಹೊಂದುತ್ತದೆ: ಜನ ಓಡಾಡುವ ಒಳ್ಳೆಯ ಜಾಗವನ್ನು ವ್ಯಾಪಾರಿಗೆ ಕೊಟ್ಟು, ಬದಲಿಗೆ ಇಪ್ಪತ್ತರಷ್ಟು ತರಕಾರಿ, ಹಣ್ಣುಗಳನ್ನು ನಗರ ನಿಗದಿ ಮಾಡಿದ ಕಡಿಮೆ ಬೆಲೆಗೆ ಮಾರುವ ಷರತ್ತು ಹಾಕುವುದು. ಕೆನಡಾದ ಟೊರಾಂಟೊದಲ್ಲಿ 1991ರಲ್ಲಿ ಆಹಾರ ನೀತಿ ಮಂಡಳಿ ಶುರುವಾಯಿತು. ಅದು ಸಲಹಾ ಮಂಡಳಿ, ನಗರದ ಆರೋಗ್ಯ ಮಂಡಳಿಯ ಜೊತೆ ಜೋಡಿಕೊಂಡು ಹುಟ್ಟಿದ್ದು. ನಗರಗಳ ನಡುವಿನ ಮಿಲಾನ್ ಆಹಾರ ಒಪ್ಪಂದ 2015ರದ್ದು. ನಮ್ಮಲ್ಲೇ ಹತ್ತಿರದ ಮಾದರಿ ಪುಣೆ: 2006ರಿಂದ ಅಲ್ಲಿನ ನಾಗರಿಕರು ಪಾಲಿಕೆ ಬಜೆಟ್ಟಿಗೆ ಬಡಾವಣೆಯ ಕೆಲಸಗಳನ್ನು ಸೂಚಿಸುತ್ತ ಬಂದಿದ್ದಾರೆ.

ಹಣ ಕೇಳುವುದು ಯಾವಾಗ?

ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರು. ಬಜೆಟ್ ಮಂಡನೆಯ ದಿನ ಪಾಲಿಕೆ ಮುಂದೆ ನಿಂತರೆ ತಡವಾಯಿತು. ಮಳೆಗಾಲ ಮುಗಿಯುವಾಗ ಸಮೀಕ್ಷೆ, ಅಕ್ಟೋಬರ್‌ನಲ್ಲಿ ಸಭೆ, ನವೆಂಬರ್‌ನಲ್ಲಿ ವಾರ್ಡ್ ಸಮಿತಿಯ ನಿರ್ಣಯ, ಅದೇ ತಿಂಗಳು ಎಂಜಿನಿಯರ್ ಕೈಯಿಂದ ಅಂದಾಜು ಪಟ್ಟಿ. ಅಂದಾಜು ಪಟ್ಟಿ ಇಲ್ಲದ ಬೇಡಿಕೆ ಬಜೆಟ್ಟಿನೊಳಗೆ ಹೋಗುವುದೇ ಇಲ್ಲ. ಒಂದು ಸಲಕ್ಕೆ ಎರಡೇ ಕೇಳಿ, ಚಿಕ್ಕವನ್ನೇ ಕೇಳಿ: ನೀರಿನ ನಲ್ಲಿ, ಬೀದಿದೀಪ, ಮಾರುಕಟ್ಟೆಯ ಹಸಿಕಸಕ್ಕೆ ಅಲ್ಲೇ ಒಂದು ಗೊಬ್ಬರದ ತೊಟ್ಟಿ. ಮಾರುಕಟ್ಟೆಗಳ ಹತ್ತಿರವೇ ಗೊಬ್ಬರ ಅಥವಾ ಜೈವಿಕ ಅನಿಲ ಘಟಕ ಇರಲಿ ಎಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಇತ್ತು, ಅರ್ಜಿಯಲ್ಲಿ ಅದನ್ನು ಕಾಣಿಸಿ.

ಶಿಫಾರಸು ಕೊಟ್ಟು ತಿಂಗಳುಗಳಾದವು, ಉತ್ತರವಿಲ್ಲ. ಮುಂದೆ?

ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. "ಯಾಕೆ ಮಾಡಿಲ್ಲ" ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ಹಿಂದಿರುಗಿಸುತ್ತಾರೆ. ಇಂಥ ದಿನಾಂಕದ ನಿರ್ಣಯದ ಕಡತ ಈಗ ಯಾರ ಮೇಜಿನಲ್ಲಿದೆ, ಅದರ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ ಎಂದು ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ; ಮಾರುಕಟ್ಟೆಗೂ ಪಡಿತರಕ್ಕೂ ಬೇರೆ ಬೇರೆ ಅರ್ಜಿ ಬರೆಯಿರಿ.